ದೇವರ ಚಿತ್ತ ಯಾವುದು, ಪೋಪರ ಆದೇಶ ಯಾವುದು?

'ದೇವರ ಚಿತ್ತ' ಅನ್ನೋ ಮಾತು ಕೇಳಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಮೇಲೆ ಕೂತವರು ಕೆಳಗಿನವರ ಬಾಯಿ ಮುಚ್ಚಿಸೋಕೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಆದರೆ ಕಥೋಲಿಕ ಸನ್ಯಾಸ ಜೀವನದಲ್ಲಿ ಈ ಮಾತು ಹೇಗೆ ಕೆಲಸ ಮಾಡುತ್ತೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪೇದ್ರೊ ಅರುಪೆಯ ಕಥೆ. ಅದು ನನ್ನ ಅನುಮಾನವನ್ನು ಪೂರ್ತಿ ಕಳೆಯಲಿಲ್ಲ, ಆದರೆ ಸ್ವಲ್ಪ ಅಲ್ಲಾಡಿಸಿತು.

ಅರುಪೆ ಸ್ಪೇನಿನ ಬಾಸ್ಕ್ ನಾಡಿನವರು. ವೈದ್ಯಕೀಯ ಓದು ಬಿಟ್ಟು ಯೇಸುಸಭೆ, ಅಂದರೆ ಜೆಸ್ವಿಟ್ ಸಂಘ ಸೇರಿದರು. ನಮ್ಮ ಸ್ಟ್ಯಾನ್ ಸ್ವಾಮಿ ಇದ್ದದ್ದು ಇದೇ ಸಂಘದಲ್ಲಿ. 1945ರ ಆಗಸ್ಟ್ 6ರಂದು ಅರುಪೆ ಹಿರೋಷಿಮಾದ ಹೊರವಲಯದಲ್ಲಿದ್ದರು. ಸಂಘದ ತರಬೇತಿ ಮನೆಯನ್ನೇ ಆಸ್ಪತ್ರೆ ಮಾಡಿ, ಬಾಂಬಿಗೆ ಸುಟ್ಟುಹೋದವರಿಗೆ ಚಿಕಿತ್ಸೆ ಕೊಟ್ಟರು. 1965ರಲ್ಲಿ ಇಡೀ ಸಂಘದ ಮುಖ್ಯಸ್ಥರಾಗಿ ಚುನಾಯಿತರಾದರು. ಅವರ ಕಾಲದಲ್ಲಿ, 1974-75ರ ಮಹಾಸಭೆಯಲ್ಲಿ, ವಿಶ್ವಾಸದ ಸೇವೆಯನ್ನೂ ನ್ಯಾಯದ ಕೆಲಸವನ್ನೂ ಬೇರೆ ಮಾಡಲಾಗದು ಎಂಬ ನಿರ್ಣಯವಾಯಿತು. ಲ್ಯಾಟಿನ್ ಅಮೆರಿಕದಲ್ಲಿ ಜೆಸ್ವಿಟರು ಬಡವರ ಪರ ನಿಂತದ್ದು ರೋಮಿನ ಹಲವರಿಗೆ ಮಾರ್ಕ್ಸ್‌ವಾದದ ಹಾಗೆ ಕಂಡಿತು.

1981ರ ಆಗಸ್ಟ್ 7. ಬ್ಯಾಂಕಾಕಿನಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡುವವರನ್ನು ಕಂಡು ರೋಮಿಗೆ ಬಂದಿಳಿದ ಅರುಪೆಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ತೊದಲಿತು. ಸಂಘದ ನಿಯಮದಂತೆ ಮೇಲ್ವಿಚಾರಣೆಯನ್ನು ವಿನ್ಸೆಂಟ್ ಓಕೀಫ್‌ಗೆ ವಹಿಸಿದರು. ಅಕ್ಟೋಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ವ್ಯವಸ್ಥೆಯನ್ನು ಬದಿಗಿಟ್ಟು, ಪಾವ್ಲೊ ದೆತ್ಸಾ ಎಂಬ 79 ವರ್ಷದ ಜೆಸ್ವಿಟರನ್ನು ತಮ್ಮ ಪ್ರತಿನಿಧಿಯಾಗಿ ಕೂರಿಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ, ರಾಷ್ಟ್ರಪತಿ ಆಳ್ವಿಕೆ. ಆ ಪತ್ರ ಬಂದ ದಿನ ಅರುಪೆ ಅತ್ತರು ಎಂದು ಹತ್ತಿರದವರು ಹೇಳಿದ್ದಾರೆ.

ಇಲ್ಲಿ ವ್ರತದ ಒಳಗಿನ ಎಂಜಿನಿಯರಿಂಗ್ ನೋಡಬೇಕು. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ. ವಿಧೇಯತೆ ಅಂದರೆ ಹಿರಿಯರ ಆದೇಶದಲ್ಲಿ ದೇವರ ಚಿತ್ತವನ್ನು ಕಾಣುವುದು. ಸಂಘದ ಸ್ಥಾಪಕ ಇಗ್ನೇಷಿಯಸ್ ಕೊಟ್ಟ ಹೋಲಿಕೆ ಭಯ ಹುಟ್ಟಿಸುವಂಥದ್ದು: ಎತ್ತ ಸರಿಸಿದರೂ ಸರಿಯುವ ಶವದಂತೆ ಇರಬೇಕು. ಆದರೆ ಅದೇ ಸಂಪ್ರದಾಯದಲ್ಲಿ, ಆದೇಶ ತಪ್ಪು ಅನ್ನಿಸಿದರೆ ಪ್ರಾರ್ಥಿಸಿ, ಆಮೇಲೆ ಹಿರಿಯರ ಮುಂದೆ ಆಕ್ಷೇಪ ಇಡಲೂ ದಾರಿ ಇದೆ. 1983ರಿಂದ ಜಾರಿಯಲ್ಲಿರುವ ಚರ್ಚ್ ಕಾನೂನು ಕೂಡ, ಹಿರಿಯರು ಸಂಘದ ಸಂವಿಧಾನದ ಪ್ರಕಾರ ಆದೇಶಿಸುವಾಗ ಮಾತ್ರ ದೇವರ ಸ್ಥಾನದಲ್ಲಿದ್ದಾರೆ ಎನ್ನುತ್ತದೆ.

ಜೆಸ್ವಿಟರು ವಿಧೇಯರಾದರು. ಸಂಘ ಒಡೆಯಲಿಲ್ಲ. ಆದರೆ ಮಹಾನ್ ದೇವಶಾಸ್ತ್ರಜ್ಞ ಕಾರ್ಲ್ ರಾನರ್ ಸೇರಿದಂತೆ ಜರ್ಮನಿಯ ಕೆಲವು ಜೆಸ್ವಿಟರು ಪೋಪರಿಗೇ ಪತ್ರ ಬರೆದು, ಈ ಕ್ರಮದಲ್ಲಿ ದೇವರ ಕೈವಾಡ ನಮಗೆ ಕಾಣುತ್ತಿಲ್ಲ ಎಂಬರ್ಥದಲ್ಲಿ ಹೇಳಿದರು. ನನ್ನ ಅನುಮಾನವನ್ನು ಅಲ್ಲಾಡಿಸಿದ್ದು ಈ ಪತ್ರ. ಆದೇಶ ಪಾಲಿಸುವುದು ಬೇರೆ, ಅದು ಸರಿ ಅಂತ ಒಪ್ಪುವುದು ಬೇರೆ. ಪಾರ್ಶ್ವವಾಯುವಿನ ಮೇಲೆ ಮೇಲ್ಮನವಿ ಹಾಕೋಕೆ ಆಗಲ್ಲ. ಪೋಪರ ಆದೇಶದ ಮೇಲೆ ಕನಿಷ್ಠ ಪತ್ರ ಬರೆಯಬಹುದು. ಎರಡನ್ನೂ ಒಂದೇ 'ಚಿತ್ತ'ದ ಚೀಲಕ್ಕೆ ತುಂಬಿದರೆ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಪತ್ರ ಬರೆಯಲು ರಾನರ್ ಅಂಥ ಹೆಸರಿಲ್ಲದ ಒಬ್ಬ ಸಾಮಾನ್ಯ ಸನ್ಯಾಸಿನಿಯ ಗತಿ ಏನು ಅನ್ನೋ ಪ್ರಶ್ನೆಯಂತೂ ಹಾಗೇ ಉಳಿಯುತ್ತೆ.

ಅರುಪೆ ಮಾತ್ರ ದೂರಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಕೊನೆಗೂ ಮಹಾಸಭೆ ಸೇರಿ ಅವರ ರಾಜೀನಾಮೆ ಸ್ವೀಕರಿಸಿತು. ಅವರ ಸಂದೇಶವನ್ನು ಬೇರೆಯವರು ಓದಬೇಕಾಯಿತು. ಚಿಕ್ಕಂದಿನಿಂದ ಬಯಸಿದ್ದು ದೇವರ ಕೈಯಲ್ಲಿರುವುದನ್ನೇ, ಈಗ ಮೊದಲ ಹೆಜ್ಜೆಯೂ ಪೂರ್ತಿ ಆತನದೇ ಎಂಬುದು ಅದರ ಸಾರ. ಪೀಟರ್ ಹಾನ್ಸ್ ಕೋಲ್ವನ್‌ಬಾಖ್ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಅರುಪೆ ರೋಮಿನ ಒಂದು ಕೋಣೆಯಲ್ಲಿ, ಹೆಚ್ಚುಕಡಿಮೆ ಮಾತಿಲ್ಲದೆ, 1991ರ ಫೆಬ್ರವರಿ 5ರವರೆಗೆ ಬದುಕಿದ್ದರು. ಅವರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆ 2019ರಲ್ಲಿ ಅದೇ ರೋಮಿನಲ್ಲಿ ಶುರುವಾಯಿತು.