ತುಂಟಾಟಕ್ಕೂ ಒಂದು ಗೆರೆ ಬೇಡವೇ?

"ಹುಡುಗು ಬುದ್ಧಿ, ಬಿಡ್ರೀ" ಎಂದು ನಾವು ಎಷ್ಟೋ ಸಲ ನಕ್ಕು ಸುಮ್ಮನಾಗುತ್ತೇವೆ. ಆದರೆ 2008ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಕೇಳಿ.

ಸೈಂಟಾಲಜಿ ಎಂಬ ಪಂಥ ತನ್ನವರಿಂದ ವಿಪರೀತ ಹಣ ಕೀಳುತ್ತದೆಂಬ ದೂರು ಹಳೆಯದು. ನಟ ಟಾಮ್ ಕ್ರೂಸ್ ಅದನ್ನು ಹೊಗಳಿದ ವಿಡಿಯೋ ಹೊರಬಿತ್ತು. ಪಂಥದವರು ಅದನ್ನು ಅಂತರ್ಜಾಲದಿಂದ ತೆಗೆಸಲು ಹೊರಟರು. 'ಅನಾನಿಮಸ್' ಎಂದು ಹೆಸರಿಟ್ಟುಕೊಂಡ ಹುಡುಗರಿಗೆ ರೇಗಿತು. ಕೀಟಲೆ ಫೋನು ಮಾಡಿದರು, ಫ್ಯಾಕ್ಸಿಗೆ ಬರೀ ಕಪ್ಪು ಹಾಳೆ ಕಳಿಸಿದರು, ವೆಬ್‌ಸೈಟು ಕೆಲಸ ಮಾಡದಂತೆ ಮಾಡಿದರು. ಫೆಬ್ರವರಿ 10ರಂದು ಹಲವು ದೇಶಗಳಲ್ಲಿ ಮುಖವಾಡ ತೊಟ್ಟು ಬೀದಿಗಿಳಿದರು.

ಬೀದಿಯಲ್ಲಿ ನಿಂತು ಪ್ರಶ್ನೆ ಕೇಳಿದ್ದು ತಪ್ಪಲ್ಲ. ವೆಬ್‌ಸೈಟಿನ ತಂಟೆಗೆ ಹೋದದ್ದು ಮಾತ್ರ ಅಪರಾಧವಾಯಿತು. ಇಬ್ಬರು ಯುವಕರಿಗೆ ಸುಮಾರು ಒಂದೊಂದು ವರ್ಷ ಜೈಲಾಯಿತು. ಆಟ ಆಡಿದವರು ಎಷ್ಟೋ ಜನ, ಸಿಕ್ಕಿಬಿದ್ದವರು ಇಬ್ಬರೇ!

"ಯಾಕೆ ಕೋಪ ಬಂತು ಮಗಾ?" ಎಂದು ಮನೆಯಲ್ಲೇ ಕೇಳೋಣ, ಪೊಲೀಸರು ಕೇಳುವ ಮುಂಚೆ.