ಮಾಣಿಕ್ಯದಲ್ಲಿ ಹುಟ್ಟಿದ ಬೆಳಕು

1960ರ ಮೇ 16ರಂದು ಅಮೆರಿಕದ ಮಾಲಿಬೂ ಎಂಬಲ್ಲಿನ ಹ್ಯೂಸ್ ಸಂಶೋಧನಾಲಯದಲ್ಲಿ, ಬೆರಳುದ್ದವೂ ಇಲ್ಲದ ಕೃತಕ ಮಾಣಿಕ್ಯದ ಕಡ್ಡಿಯೊಂದರಿಂದ ಕಡುಗೆಂಪು ಬೆಳಕು ಹೊಮ್ಮಿತು. ಅದನ್ನು ಹೊಮ್ಮಿಸಿದವರು ಥಿಯೊಡೋರ್ ಮೇಮನ್. ಜಗತ್ತಿನ ಪ್ರಥಮ ಲೇಸರ್ ಅದು.

ದೀಪದ ಬೆಳಕಿಗೂ ಇದಕ್ಕೂ ಅಂತರವೇನು? ದೀಪದ ಬೆಳಕು ಜಾತ್ರೆ ಮುಗಿದು ಚದುರುವ ಜನಸಂದಣಿಯಂತೆ. ಬಣ್ಣ ಹಲವು, ದಿಕ್ಕು ಹಲವು, ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಹೊಂದದು. ಲೇಸರ್ ಬೆಳಕಾದರೋ ಕವಾಯತಿನ ಸಿಪಾಯಿಗಳ ಸಾಲು. ಬಣ್ಣ ಒಂದೇ, ದಿಕ್ಕು ಒಂದೇ. ಅಲೆಯೊಡನೆ ಅಲೆ ಹೆಜ್ಜೆಗೂಡಿಸಿ ಸಾಗುತ್ತದೆ.

ಈ ಶಿಸ್ತು ಬಂದುದೆಲ್ಲಿಂದ? ಪರಮಾಣುವು ಶಕ್ತಿಯನ್ನು ಹೀರಿದಾಗ ಒಂದು ಮೆಟ್ಟಿಲು ಮೇಲೇರುತ್ತದೆ. ಇಳಿಯುವಾಗ ಆ ಶಕ್ತಿಯನ್ನು ಬೆಳಕಿನ ಕಣವಾಗಿ ಹೊರಸೂಸಬಲ್ಲದು. ಸಾಮಾನ್ಯವಾಗಿ ಇಳಿಯುವ ಗಳಿಗೆಗೆ ಗೊತ್ತುಗುರಿಯಿಲ್ಲ. ಆದರೆ 1917ರಲ್ಲಿ ಐನ್‌ಸ್ಟೈನರು ಬೇರೊಂದು ದಾರಿಯನ್ನು ತೋರಿಸಿದರು. ಮೇಲೇರಿ ನಿಂತ ಪರಮಾಣುವಿನ ಬಳಿ ತಕ್ಕ ಬಣ್ಣದ ಕಣವೊಂದು ಹಾದುಹೋದರೆ, ಅದರ ಪ್ರಚೋದನೆಯಿಂದ ಪರಮಾಣು ಕೆಳಗಿಳಿದು ತದ್ರೂಪವಾದ ಮತ್ತೊಂದು ಕಣವನ್ನು ಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ.

ಆದರೆ ಕೆಳಗಿನ ಮೆಟ್ಟಿಲಲ್ಲಿರುವ ಪರಮಾಣುಗಳು ಇದೇ ಬೆಳಕನ್ನು ನುಂಗಿಬಿಡುತ್ತವೆ. ಆದುದರಿಂದ ಮೇಲಿರುವವುಗಳ ಸಂಖ್ಯೆಯೇ ಹೆಚ್ಚಾಗಬೇಕು. ಮಾಣಿಕ್ಯಕ್ಕೆ ಕೆಂಪು ತರುವುದು ಅದರಲ್ಲಿ ಬೆರೆತ ಅಲ್ಪ ಕ್ರೋಮಿಯಂ. ಮೇಮನ್ನರು ಕಡ್ಡಿಯ ಸುತ್ತ ಸುರುಳಿಯಾಕಾರದ ಮಿಂಚುದೀಪವನ್ನಿಟ್ಟು, ಅದರ ಪ್ರಖರ ಬೆಳಕಿನಿಂದ ಕ್ರೋಮಿಯಂ ಪರಮಾಣುಗಳನ್ನು ಮೇಲೇರಿಸಿದರು. ಕಡ್ಡಿಯ ಎರಡು ತುದಿಗಳಿಗೂ ಬೆಳ್ಳಿಯ ಲೇಪವಿತ್ತು. ಪಕ್ಕಕ್ಕೆ ಹೊರಟ ಬೆಳಕು ತಪ್ಪಿಸಿಕೊಂಡಿತು. ನೇರವಾಗಿ ಹೊರಟದ್ದು ಈ ಕನ್ನಡಿಗಳ ನಡುವೆ ಹೋಗಿ ಬಂದು ಹೆಚ್ಚುತ್ತಾ, ಒಂದು ತುದಿಯ ಲೇಪದಲ್ಲಿ ಬಿಟ್ಟಿದ್ದ ಕಿರುಕಿಂಡಿಯಿಂದ ಹೊರಬಿದ್ದಿತು.

ಲೇಸರ್ ಹೊಸ ಶಕ್ತಿಯನ್ನೇನೂ ಸೃಷ್ಟಿಸುವುದಿಲ್ಲ. ಮಿಂಚುದೀಪವು ನುಂಗುವ ವಿದ್ಯುತ್ತಿನಲ್ಲಿ ಅತ್ಯಲ್ಪ ಭಾಗವಷ್ಟೇ ಈ ಕಿರಣವಾಗುತ್ತದೆ. ಅದರ ಬಲವಿರುವುದು ಒಗ್ಗಟ್ಟಿನಲ್ಲಿ.

ಆ ಒಗ್ಗಟ್ಟಿನ ಫಲ ಬೇಗನೆ ಕಂಡಿತು. 1961ರಲ್ಲಿಯೇ ನ್ಯೂಯಾರ್ಕಿನ ವೈದ್ಯರು ರೋಗಿಯೊಬ್ಬರ ಅಕ್ಷಿಪಟಲದ ಮೇಲಿನ ಗಂಟನ್ನು ಮಾಣಿಕ್ಯದ ಲೇಸರಿನಿಂದ ಸುಟ್ಟರು. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಪ್ರತಿಫಲಕವನ್ನಿಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಮಿಂಚು ಅದನ್ನು ಮುಟ್ಟಿ ಸುಮಾರು ಎರಡೂವರೆ ಸೆಕೆಂಡುಗಳಲ್ಲಿ ಮರಳುತ್ತದೆ. ಆ ಕಾಲವನ್ನಳೆದು ಚಂದ್ರನ ದೂರವನ್ನು ನಿಖರವಾಗಿ ಲೆಕ್ಕ ಹಾಕುತ್ತಾರೆ. ಮಧುಮೇಹದಿಂದ ಕೆಟ್ಟ ಅಕ್ಷಿಪಟಲಕ್ಕೆ ಲೇಸರ್ ಚಿಕಿತ್ಸೆ ನಮ್ಮ ಊರುಗಳ ಆಸ್ಪತ್ರೆಗಳಲ್ಲಿಯೂ ಇದೆ.

ಕಣ್ಣನ್ನುಳಿಸುವ ಈ ಗುಣವೇ ಕಣ್ಣನ್ನು ಕೆಡಿಸಲೂಬಲ್ಲದು. ಕಣ್ಣಿನ ಮಸೂರವು ಲೇಸರ್ ಕಿರಣವನ್ನು ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತದೆ. ಅಲ್ಲಿ ಸುಟ್ಟರೆ ನೋವೂ ತಿಳಿಯದೆ ಹೋಗಬಹುದು. ಅಂಗಡಿಯಲ್ಲಿ ಆಟಿಕೆಯಂತೆ ಸಿಗುವ ಲೇಸರ್ ದೀಪವನ್ನು ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ಇದನ್ನು ನೆನೆಯಬೇಕು.