ಗೂಡಿನ ಅಂಟು ಮುಖಕ್ಕೆ ಬಂದಾಗ

ಹೊಸೂರು ಬಳಿಯ ಕೆಲಮಂಗಲ, ತಳಿ, ಡೆಂಕಣಿಕೋಟೆ ಸೀಮೆಯ ರೇಷ್ಮೆ ಬೆಳೆಗಾರರ ಕಣ್ಣೆಲ್ಲ ನೂಲಿನ ಮೇಲೆ. ಆದರೆ ನಾಲ್ಕು ‘ಜ್ವರ’ (ಪೊರೆ ಕಳಚುವ ಹಂತ) ದಾಟಿ ಹಣ್ಣಾದ ಹುಳು ಚಂದ್ರಿಕೆ ಎಂಬ ತಟ್ಟೆಯಲ್ಲಿ ಕಟ್ಟುವ ಗೂಡಿನಲ್ಲಿ ನೂಲಿನ ಜೊತೆಗೆ ಸೆರಿಸಿನ್ ಎಂಬ ಅಂಟು ಪ್ರೊಟೀನೂ ಇರುತ್ತದೆ. ಗೂಡಿನ ರೇಷ್ಮೆಯಲ್ಲಿ ಸುಮಾರು ಕಾಲು ಭಾಗ ಅದೇ. ತಳಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ಬಣ್ಣ ಹಾಕುವ ಮುನ್ನ ನೂಲನ್ನು ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟು ಕರಗಿ ಬಹುಪಾಲು ಚರಂಡಿ ಸೇರುತ್ತದೆ. ಸೀರಮ್, ಕ್ರೀಮುಗಳಲ್ಲಿ ‘ಸಿಲ್ಕ್ ಪ್ರೊಟೀನ್’ ಎಂದು ಮೆರೆಯುವುದರಲ್ಲಿ ಈ ಅಂಟೂ ಒಂದು.

ಕೆಲಸ ಮಾಡುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. ಸೆರಿಸಿನ್‌ನ ಮೂರನೇ ಒಂದು ಭಾಗದಷ್ಟು ಸೆರೀನ್ ಎಂಬ ಅಮೈನೊ ಆಮ್ಲ; ಅದಕ್ಕೆ ನೀರೆಂದರೆ ಇಷ್ಟ. ಹಚ್ಚಿದಾಗ ಚರ್ಮದ ಮೇಲೆ ತೆಳು ಪೊರೆಯಾಗಿ ತೇವ ಹಿಡಿದಿಡುತ್ತದೆ. ಆದರೆ ಗಾಯವಿಲ್ಲದ ಚರ್ಮದೊಳಗೆ ಇಳಿಯಲು ಅಣುವಿನ ತೂಕ 500 ಡಾಲ್ಟನ್ ಒಳಗಿರಬೇಕು ಎಂಬುದು ಚರ್ಮತಜ್ಞರ ಸ್ಥೂಲ ಲೆಕ್ಕ. ಸೆರಿಸಿನ್ ಹತ್ತಾರು ಸಾವಿರ ಡಾಲ್ಟನ್ ತೂಗುತ್ತದೆ. ‘ಆಳಕ್ಕಿಳಿದು ಸುಕ್ಕು ಅಳಿಸುತ್ತದೆ’ ಎಂಬ ಜಾಹೀರಾತನ್ನು ನಾನಂತೂ ನಂಬಲಾರೆ.

ಒಡೆದು ಚಿಕ್ಕದು ಮಾಡಿದ ಪ್ರೊಟೀನುಗಳ ಕಥೆ ಬೇರೆ. ಜಪಾನಿನಲ್ಲಿ ‘ಚಾ ನೊ ಶಿಜುಕು’ ಎಂಬ ಮುಖದ ಸೋಪಿನಲ್ಲಿ ಹಾಗೆ ಒಡೆದ ಗೋಧಿ ಪ್ರೊಟೀನಿತ್ತು. ನೊರೆ ಚರ್ಮದ ಕಾವಲನ್ನು ಸಡಿಲಿಸಿತು. ಕಣ್ಣು, ಮೂಗಿನ ತೇವದ ಪೊರೆಗೂ ಆ ಪ್ರೊಟೀನು ತಾಗಿತು. ದಿನಾ ಮುಖ ತೊಳೆದ ಕೆಲವರ ಮೈ ಗೋಧಿಯನ್ನೇ ಶತ್ರುವೆಂದು ಗುರುತಿಟ್ಟುಕೊಂಡಿತು. ಆಮೇಲೆ ಬ್ರೆಡ್ಡು, ನೂಡಲ್ಸ್ ತಿಂದರೆ ದದ್ದು, ಉಸಿರುಗಟ್ಟುವಿಕೆ. ಬಾಧೆಗೊಳಗಾದವರು ಎರಡು ಸಾವಿರಕ್ಕೂ ಹೆಚ್ಚು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. 2017ರಲ್ಲಿ ಐರೋಪ್ಯ ಒಕ್ಕೂಟ, ಸೌಂದರ್ಯವರ್ಧಕಗಳಲ್ಲಿ ಬಳಸುವ ಇಂಥ ಗೋಧಿ ತುಣುಕುಗಳ ಸರಾಸರಿ ತೂಕ 3,500 ಡಾಲ್ಟನ್ ಮೀರಬಾರದೆಂದು ಕಟ್ಟುಪಾಡು ಮಾಡಿತು. ನಿಸರ್ಗದತ್ತ ಎಂದೊಡನೆ ನೆಚ್ಚಬಾರದು; ಒಡೆದ ರೇಷ್ಮೆ ಪ್ರೊಟೀನಿನ ವಿಷಯದಲ್ಲೂ ಈ ಎಚ್ಚರ ಇರಲಿ.

ನೆನೆಸಿದ ಗೂಡನ್ನೇ ಬೆರಳಿಗೆ ಸಿಕ್ಕಿಸಿ ಮುಖ ಉಜ್ಜುವ ಶೋಕಿಯೂ ಈಗ ಇದೆ. ಹುಳುಮನೆ ಕಂಡವರಿಗೆ ಇದು ಕೇಳಿದರೇ ಕಸಿವಿಸಿ. ಬ್ಲೀಚಿಂಗ್ ಪೌಡರು, ಸುಣ್ಣ, ಹುಳುಗಳ ಹಾಸಿಗೆಗೆ ಉದುರಿಸುವ ಸೋಂಕುನಾಶಕ ಪುಡಿ, ಹುಳುವಿನ ಹಿಕ್ಕೆ ಇವೆಲ್ಲದರ ನಡುವೆ ಬೆಳೆದ ಗೂಡದು. ನೂಲಿಗೆ ಸರಿ, ಕೆನ್ನೆಗಲ್ಲ.

ಲೇಬಲ್ಲಿನಲ್ಲಿ ‘ಸೆರಿಸಿನ್’ ಅಥವಾ ‘ಹೈಡ್ರೊಲೈಜ್ಡ್ ಸಿಲ್ಕ್’ ಕಂಡರೆ ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ನೋಡಿ. ಗಾಯ, ಇಸುಬು ಇರುವಲ್ಲಿ ಬೇಡ. ಹುಳು ಸಾಕುವವರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅಂಥವರು ರೇಷ್ಮೆಯ ಕ್ರೀಮು ಕೊಳ್ಳುವ ಮೊದಲೇ ಚರ್ಮವೈದ್ಯರನ್ನು ಕೇಳಬೇಕು.